ಲೇಪ

ದೊಡ್ಡವ್ವನ ಮುಖ ಯಾವಾಗ ಈ ಬಣ್ಣಕ್ಕೆ ತಿರುಗಿತು ಎಂದು ಕೇಳಬೇಕಾದವನು ಬಸವಕುಮಾರ್ ಒಬ್ಬನೇ, ಅವನು ಮಾತ್ರ ಕೇಳಲಿಲ್ಲ. ಮುಳ್ಳೂರಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಕೂದಲು ತೀಡಿಕೊಳ್ಳುತ್ತ ಜಗಲಿಯ ಕಡೆ ನೋಡಿದಾಗ, ಶಾಮಿಯಾನದ ಬಟ್ಟೆಯ ನೆರಳು ಬಿದ್ದು ಹಾಗೆ ಕಾಣುತ್ತಿದೆ ಅಂದುಕೊಂಡ. ಮೇಲೆ ನೋಡಿದರೆ ಬಟ್ಟೆ ಹಳದಿ ಕೆಂಪು ಪಟ್ಟಿಯದು. ಅವಳ ಅಕ್ಕಪಕ್ಕ ಕುಳಿತಿದ್ದ ಹೆಂಗಸರ ಮುಖಗಳೆಲ್ಲ ಎಂದಿನ ಹಾಗೆ ಕಪ್ಪಗೆ, ಎಣ್ಣೆಗೆಂಪಗೆ, ಗೋಧಿಬಣ್ಣಕ್ಕೆ ಇದ್ದವು. ದೊಡ್ಡವ್ವನ ಮುಖವೊಂದೇ ಹಳೆಯ ಸ್ಲೇಟಿನ ನೀಲಿಗಪ್ಪು ಬಣ್ಣಕ್ಕಿತ್ತು. ಹಣೆಯ ವಿಭೂತಿ ಅದರ ಮೇಲೆ ಬಳಪದಲ್ಲಿ ಗೀಚಿದ ಹಾಗೆ ಎದ್ದು ಕಾಣುತ್ತಿತ್ತು. ಅವಳು ಕೈಯೆತ್ತಿ, ಬಾ ಕೂಸು, ಈಗ್ ಬಂದ್ಯಾ, ಎಂದು ಕರೆದಳು. ಎತ್ತಿದ ಕೈಯ ಉಗುರುಗಳ ಬುಡ ನೋಡಿದ. ಅಲ್ಲೂ ಅದೇ ನೀಲಿ. ಎಲ್ಲರೂ ನೋಡುತ್ತಿದ್ದರು, ನಗಬೇಕಿತ್ತು, ನಕ್ಕ.

ಯಳಂದೂರಿನ ಕಾಲೇಜೊಂದರಲ್ಲಿ ಅವನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಯಾರೂ ಊಟಕ್ಕೆ ಕರೆಯದ ಅತಿಥಿ. ಸ್ಟಾಫ್ ರೂಮಿನಲ್ಲಿ ಯಾರಾದರೂ ರಜೆ ಹಾಕಿದರೆ ಅವರ ಕುರ್ಚಿಯೇ ಇವನ ಕುರ್ಚಿ. ಉಳಿದ ದಿನಗಳಲ್ಲಿ ಮೈಸೂರಿನ ಲ್ಯಾಬಿನಲ್ಲಿ ಪಿಎಚ್.ಡಿ. ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ನೀರಿನಲ್ಲಿ ಹುಟ್ಟಿಸಿ, ಅವಕ್ಕೆ ಒಂದೊಂದು ಬಗೆಯ ಲೇಪ ತೊಡಿಸಿ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹನಿಸಿ, ಎಷ್ಟು ಸತ್ತವು ಎಷ್ಟು ಉಳಿದವು ಎಂದು ನೋಡುವುದು. ಬೆಳ್ಳಿ ಅದೇ, ಗಾತ್ರ ಅದೇ, ಲೇಪ ಬದಲಾದರೆ ಕೋಶದ ಹಣೆಬರಹ ಬದಲು. ಒಂದು ಲೇಪದ ಕಣಗಳು ಕೋಶದ ಪೊರೆಗೆ ತಗುಲಿದ್ದೇ ತಡ ಹರಿದುಹಾಕುತ್ತಿದ್ದವು. ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸಿದ ಮೇಲೆ ಉಳಿಯುವ ನೀರು, ಎಲ್ಲರೂ ಮೂಗು ಮುಚ್ಚಿಕೊಂಡು ಚರಂಡಿಗೆ ಚೆಲ್ಲುವ ಆ ನೀರಿನಿಂದ, ಅವನು ರೇಷ್ಮೆಯ ಅಂಟನ್ನು ತೆಗೆದು ಬೆಳ್ಳಿಗೆ ತೊಡಿಸಿದ್ದ. ಆ ಕಣಗಳಿಗೆ ಕೋಶ ಹೆದರಲಿಲ್ಲ. ನಮ್ಮವರೇ ಎಂದು ಒಳಕ್ಕೆ ಬಿಟ್ಟುಕೊಂಡಿತು, ಮಾರನೆಯ ದಿನ ನೋಡಿದರೂ ಬದುಕಿತ್ತು. ಸತ್ತ ಕೋಶ ಯಾವುದೆಂದು ತಿಳಿಯಲು ಒಂದು ನೀಲಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಬಣ್ಣವನ್ನು ಹೊರಗೇ ನಿಲ್ಲಿಸುತ್ತದೆ, ಸತ್ತದ್ದು ತಡೆಯಲಾರದೆ ನೀಲಿಯಾಗುತ್ತದೆ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ಅವನ ಕಣ್ಣಿಗೆ ನೀಲಿ ಎಂದರೆ ಸತ್ತದ್ದು ಎಂದೇ ಅಭ್ಯಾಸವಾಗಿಬಿಟ್ಟಿತ್ತು. ಮದುವೆಮನೆಗಳಲ್ಲಿ ನೀಲಿ ಸೀರೆಯವರನ್ನು ತನಗೇ ಗೊತ್ತಿಲ್ಲದೆ ಎಣಿಸುತ್ತಿದ್ದ. ಈಗ ಜಗಲಿಯ ಮೇಲೆ ಕುಳಿತವಳನ್ನೂ ಆ ಕಣ್ಣು ಅವನನ್ನು ಕೇಳದೆ ಎಣಿಸಿಕೊಂಡಿತು.

ಚಿಕ್ಕಪ್ಪನ ಮಗ ಪರಮೇಶ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಇವತ್ತು ಅವನ ಮಗಳಿಗೆ ಹೆಸರಿಡುವುದು, ಲಿಂಗ ಕಟ್ಟುವುದು. ಪರಮೇಶ ಕೊಳ್ಳೇಗಾಲದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ದಿನಾ ಮುಳ್ಳೂರಿನಿಂದ ಹೋಗಿ ಬರುತ್ತಾನೆ. ದೊಡ್ಡವ್ವನ ಕಾಲಿನ ಹುಣ್ಣಿಗೆಂದು ಬಸವಕುಮಾರ್ ಕೊಡುತ್ತಿದ್ದ ಬೆಳ್ಳಿಕಣದ ನೀರಿನ ಬಾಟಲಿಗಳನ್ನು ಸಾಗಿಸಿದವನೂ ಅವನೇ. ಒಂದು ಬಾಟಲಿ ಮುಗಿದ ಕೂಡಲೇ, ಅಣ್ಣ, ದೊಡ್ಡವ್ವ ಬೆಳ್ಳಿ ನೀರು ಕೇಳ್ತು, ಎಂದು ಫೋನು ಮಾಡುತ್ತಿದ್ದ. ಬಸವಕುಮಾರ್ ಖುಷಿಯಿಂದಲೇ ತುಂಬಿಸಿ ಕಳಿಸುತ್ತಿದ್ದ. ಗೈಡು ಅವನ ಪ್ರಬಂಧದಲ್ಲಿ ಅವನ ಹೆಸರನ್ನೇ ಮೂರನೆಯದಾಗಿ ಹಾಕಿದ ದಿನ ಕೂಡ, ಮುಳ್ಳೂರಿನಲ್ಲಿ ಒಬ್ಬಳಾದರೂ ನನ್ನ ಕೆಲಸವನ್ನು ನಂಬಿದ್ದಾಳೆ ಎಂದು ಸಮಾಧಾನ ಮಾಡಿಕೊಂಡಿದ್ದ. ಕಾಲಿನ ಹುಣ್ಣು ಮಾಗಿ ಎಷ್ಟೋ ದಿನವಾಗಿದೆಯಲ್ಲ, ಇಷ್ಟು ನೀರು ಯಾವುದಕ್ಕೆ ಎಂದು ಒಂದು ಸಲವೂ ಕೇಳಲಿಲ್ಲ. ಹೊಗಳಿಕೆ ಸಿಗುವ ಕಡೆ ಲೆಕ್ಕ ಕೇಳುವ ಬುದ್ಧಿ ಅವನಿಗೆ ಬರುವುದಿಲ್ಲ. ಈಗ ಪರಮೇಶ ಅವನ ಕಿವಿಯ ಹತ್ತಿರ ಬಂದು, 'ದೊಡ್ಡವ್ವನ್ ಮಕ ನೋಡ್ದಾ ಅಣ್ಣ? ನೀಲಕಂಠನ್ ಬಣ್ಣ ಇಳಿದದೆ ಅಂತ ಸ್ವಾಮ್ಗೋಳೇ ಯೋಳುದ್ರು,' ಎಂದ. ಅವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. ಕೌದಳ್ಳಿಯಿಂದ ಕೂಡ ಜನ ಬಂದು ಪಾದ ಮುಟ್ಟಿ ಹೋಗುತ್ತಾರಂತೆ. ಬೆಟ್ಟದ ದೇವರಿಗೆ ನಡೆದುಹೋಗುವವರು ದಾರಿ ಬಿಟ್ಟು ಈ ಮನೆಗೆ ಬರುತ್ತಾರಂತೆ.

ದೊಡ್ಡವ್ವನಿಗೆ ಹೆಸರೊಂದಿದೆ, ಚನ್ನಮಲ್ಲಮ್ಮ. ಅದನ್ನು ಯಾರೂ ಕರೆದದ್ದು ಅವನು ಕೇಳಿರಲಿಲ್ಲ. ಈವತ್ತು ಕೇಳಿದ. ಸ್ವಾಮಿಗಳು ಗುರುಪಾದಸ್ವಾಮಿ ಜಗಲಿಗೆ ಬಂದವರೇ, ಚನ್ನಮಲ್ಲಮ್ಮನವರು ಮುಂದೆ ಬರಲಿ, ಎಂದರು. ಅವರು ಹಾಗೆ ಕರೆದಾಗ ಅವಳು ಎದ್ದ ರೀತಿ ನೋಡಿ ಅವನಿಗೆ ಪರಮೇಶನ ಮದುವೆಯ ದಿನ ನೆನಪಾಯಿತು. ಅವತ್ತು ಧಾರೆಯ ಹೊತ್ತಿನಲ್ಲಿ ಅವಳನ್ನು ಹುಡುಕಿಕೊಂಡು ಹೋದರೆ ಛತ್ರದ ಹಿಂದುಗಡೆ ಒಬ್ಬಳೇ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅನ್ನ ಆಗಲೇ ಬೆಂದು ಬುಟ್ಟಿಗೆ ಬಿದ್ದಿತ್ತು, ಆ ಅಕ್ಕಿ ಯಾರಿಗೂ ಬೇಕಿರಲಿಲ್ಲ. ಬಾ ದೊಡ್ಡವ್ವ, ಅಕ್ಷತೆ ಹಾಕು ಅಂದರೆ, ಗಂಡ ಸತ್ತವಳು ಎದುರಿಗೆ ಬರಬಾರದು ಎಂದು ಯಾರೂ ತನಗೆ ಹೇಳಿಲ್ಲ, ತನಗೇ ಕೆಲಸವಿದೆ, ಎಂದು ಮೊರ ಕೇರಿದಳು. ಲಿಂಗ ಕಟ್ಟಿಕೊಂಡವರಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಚಿಕ್ಕಪ್ಪ ಮಾತಿಗೆ ಹೇಳುತ್ತಿದ್ದರು, ಮುಂದಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಅವನೂ ಕೈಹಿಡಿದು ಎಬ್ಬಿಸಲಿಲ್ಲ. ಫೋಟೋ ತೆಗೆಯಲು ಕರೆದರು, ಹೋಗಿ ನಿಂತ. ಆ ಫೋಟೋ ಈಗಲೂ ಹಜಾರದ ಗೋಡೆಯ ಮೇಲಿದೆ, ಅದರಲ್ಲಿ ಅವನು ಹಲ್ಲು ಬಿಟ್ಟಿದ್ದಾನೆ.

ತೀರ್ಥ ತರಲು ಒಳಗೆ ಹೋದ ದೊಡ್ಡವ್ವನ ಹಿಂದೆ ಬಂದು, ಹೊಸ್ತಿಲ ಹೊರಗೇ ನಿಂತು, ದೇವರ ಕೋಣೆಯೊಳಗಿನ ಬಾಟಲಿಯನ್ನು ನೋಡಿದ ಮೇಲೂ ಒಂದು ಕ್ಷಣ ಅವನು ತನಗೆ ತಾನೇ ಸುಳ್ಳು ಹೇಳಿಕೊಂಡ. ಅರಿಶಿನದ ನೀರಿರಬಹುದು, ಚಹದ ಡಿಕಾಕ್ಷನ್ ಇರಬಹುದು. ಆದರೆ ಆ ಜೇನುಬಣ್ಣ ಅವನ ಬೆಳ್ಳಿ ನೀರಿನದೇ. ಬಾಟಲಿಯ ಕುತ್ತಿಗೆಗೆ ಹೂವು ಸುತ್ತಿದ್ದರು, ಹೊಟ್ಟೆಗೆ ವಿಭೂತಿ ಬಳಿದಿದ್ದರು, ಅವನು ಅಂಟಿಸಿದ್ದ ಚೀಟಿ ವಿಭೂತಿಯೊಳಗೆ ಮುಚ್ಚಿಹೋಗಿತ್ತು. ದೊಡ್ಡವ್ವ ಮಣೆಯ ಮೇಲೆ ಕುಳಿತು ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡಿದ್ದಳು. ಅಂಗೈ ಮಾತ್ರ ಮೊದಲಿನ ಬಣ್ಣಕ್ಕೇ ಇತ್ತು, ಬಿಸಿಲು ಕಾಣದ ಜಾಗ. ಚಿಕ್ಕವನಿದ್ದಾಗ, ಲಿಂಗದ ಮೇಲಿನ ಈ ಕರಿ ಲೇಪದ ಒಳಗೆ ಏನಿದೆ ದೊಡ್ಡವ್ವ, ಬಿಚ್ಚಿ ತೋರಿಸು ಎಂದು ಅವನು ಹಟ ಹಿಡಿದಿದ್ದ. ಬಿಚ್ಚಿದ್ರೆ ಬರೀ ಕಲ್ಲು ಕಣಪ್ಪ, ಎಂದು ಅವಳು ನಕ್ಕಿದ್ದಳು. ಈಗ ಅವಳು ಬಾಟಲಿಯ ಮುಚ್ಚಳ ತೆಗೆದು, ಲಿಂಗದ ಮೇಲೆ ಧಾರಾಳವಾಗಿ ಸುರಿದು, ಬೆರಳ ಸಂದಿನಿಂದ ಇಳಿದದ್ದನ್ನು ಬಟ್ಟಲಿಗೆ ಹಿಡಿದಳು. ಇದೇನು ದೊಡ್ಡವ್ವ, ಕಾಲಿಗೆ ಹಾಕಿಕೋ ಎಂದು ಕೊಟ್ಟದ್ದಲ್ಲವಾ ಎಂದು ಕೇಳಿದ ತನ್ನ ದನಿ ಅವನಿಗೇ ಪರಕೀಯವಾಗಿತ್ತು.

'ಲಿಂಗಕ್ಕೆ ತೋರುಸ್ದೆ ನಾನು ಏನ್ ಮುಟ್ಟೀನಿ ಮಗ? ಔಸ್ದಿ ಆದ್ರೂ ಅಷ್ಟೆಯ,' ಎಂದಳು ದೊಡ್ಡವ್ವ. 'ಮೊದ್ಲು ಲಿಂಗದ್ ಮ್ಯಾಲೆ ಬುಟ್ಟೆ. ಬುಟ್ ಮ್ಯಾಲೆ ಅದು ತೀರ್ತ. ತೀರ್ತನ ಕಾಲ್ಗೆ ಆಕಳಕ್ಕಾದ್ದಾ? ಕುಡ್ಕಂಡೆ. ಕುಡುದ್ರೂ ಏನೂ ಆಗಕಿಲ್ಲ ಅಂತ ನೀನೇ ಯೋಳಿದ್ದಲ್ಲ.'

ಹೇಳಿದ್ದ. ಕಾಮಗೆರೆ ಆಸ್ಪತ್ರೆಯಲ್ಲಿ ಹುಣ್ಣಿಗೆ ಕಟ್ಟು ಹಾಕಿಸಿಕೊಂಡು ಬಂದು ಅವಳು ಇದೇ ಹಜಾರದಲ್ಲಿ ಕಾಲು ನೀಡಿ ಕುಳಿತಿದ್ದಾಗ, ಚಿಕ್ಕಪ್ಪ, ಪರಮೇಶ, ಪರಮೇಶನ ಹೆಂಡತಿ ಪವಿತ್ರ ಎಲ್ಲರೂ ನೋಡುತ್ತಿದ್ದಾಗ, ಅವನು ಬ್ಯಾಗಿನಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದು ತೋರಿಸಿದ್ದ. ದಿನಾ ನಾಲ್ಕು ಹನಿಯನ್ನು ನೀರಿಗೆ ಹಾಕಿ ಹುಣ್ಣು ತೊಳೆಯಬೇಕು ಎಂದಿದ್ದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬರೀ ಬೆಳ್ಳಿ ಆದರೆ ಸುಡುತ್ತೆ, ಇದಕ್ಕೆ ನಮ್ಮ ರೇಷ್ಮೆಯ ಅಂಗಿ ತೊಡಿಸಿದ್ದೀನಿ, ಕುಡಿದರೂ ಏನೂ ಆಗಲ್ಲ ದೊಡ್ಡವ್ವ, ಎಂದ. ಚಿಕ್ಕಪ್ಪ ತಲೆದೂಗಿದರು. ಆ ತಲೆದೂಗುವಿಕೆಗಾಗಿ ಹೇಳಿದ ಮಾತು ಅದು. ಅವನು ಕೋಶಗಳನ್ನು ನೋಡಿದ್ದು ಒಂದು ಹಗಲು ಒಂದು ರಾತ್ರಿ, ಅಷ್ಟೇ. ಆಮೇಲೆ ತಟ್ಟೆಯನ್ನು ತೊಳೆದು ಹಾಕುತ್ತಾರೆ. ಪ್ರಬಂಧವನ್ನು ಪರೀಕ್ಷಿಸಿದ ಯಾರೋ ಕಾಣದ ಪುಣ್ಯಾತ್ಮ, ಲೇಪ ಕರಗಿದ ಮೇಲೆ ಏನಾಗುತ್ತದೆ ಎಂದು ಕೇಳಿದ್ದ. ಅದು ಈ ಅಧ್ಯಯನದ ವ್ಯಾಪ್ತಿಗೆ ಮೀರಿದ್ದು ಎಂದು ಇವನು ಬರೆದು ಕಳಿಸಿದ್ದ. ಉತ್ತರ ಬರೆದು, ಕ್ಯಾಂಟೀನಿಗೆ ಹೋಗಿ ದೋಸೆ ತಿಂದಿದ್ದ. ಹೊಟ್ಟೆಯ ಹುಳಿಯಲ್ಲಿ ರೇಷ್ಮೆಯ ಅಂಗಿ ಎಷ್ಟು ಹೊತ್ತು ಉಳಿದೀತು? ಬೆಳ್ಳಿ ಬೆತ್ತಲಾಗಿ, ಕರಗಿ, ರಕ್ತ ಹಿಡಿದು ಚರ್ಮದವರೆಗೂ ಬಂದು ಕೂತಿದೆ, ಬಿಸಿಲು ಅದನ್ನು ಕಪ್ಪು ಮಾಡಿದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಹೆಸರಿದೆ, ಚಿತ್ರವಿದೆ. ಅವನು ಆ ಪುಟವನ್ನು ಓದಿದ್ದ, ಯಾವುದೋ ಕಾಲದ ಯಾವುದೋ ದೇಶದ ಕಾಯಿಲೆ ಎಂದು ಮಗುಚಿದ್ದ. ಅದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿತ್ತು. ಅವನು ಮೈಸೂರಿನ ಸೆಮಿನಾರಿನಲ್ಲಿ ಅವಳ ಮಾಗಿದ ಪಾದದ ಫೋಟೋ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಆ ಪಾದಕ್ಕೆ ಅವನ ನೀರು ಒಂದು ಹನಿಯೂ ಬಿದ್ದಿರಲಿಲ್ಲ. ಮಾಗಿಸಿದ್ದು ಆಸ್ಪತ್ರೆಯ ಕಟ್ಟು.

ಹೊರಗೆ ತೊಟ್ಟಿಲ ಹತ್ತಿರ ಗಲಾಟೆ ಶುರುವಾಯಿತು. ದೊಡ್ಡವ್ವ ಬಟ್ಟಲು ಹಿಡಿದು ಎದ್ದಳು. ಪವಿತ್ರ ಬಾಗಿಲಿಗೆ ಬಂದು, ಸ್ವಾಮಿಗಳು ಲಿಂಗ ಕಟ್ಟುತ್ತಿದ್ದಾರೆ, ಆಮೇಲೆ ಮಗುವಿನ ನಾಲಿಗೆಗೆ ಮೊದಲ ತೀರ್ಥ ದೊಡ್ಡವ್ವನ ಕೈಯಿಂದಲೇ ಆಗಬೇಕು, ಎಂದಳು. ಬಸವಕುಮಾರನ ತಲೆ ತಣ್ಣಗೆ ಲೆಕ್ಕ ಹಾಕಿತು. ಬೆರಳತುದಿಯ ಒಂದು ಹನಿ, ಅದರಲ್ಲಿ ಎಷ್ಟು ಬೆಳ್ಳಿ, ಮಗುವಿನ ತೂಕ ಎಷ್ಟು. ಒಂದು ಹನಿಗೆ ಏನೂ ಆಗುವುದಿಲ್ಲ. ನಿಜವಾಗಿಯೂ ಆಗುವುದಿಲ್ಲ. ಸುಮ್ಮನಿದ್ದರೆ ಈವತ್ತು ಯಾರ ಮುಖವೂ ಕೆಡುವುದಿಲ್ಲ, ನಾಳೆ ದೊಡ್ಡವ್ವನನ್ನು ಮೆಲ್ಲಗೆ ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತ ತೋರಿಸಿದರೆ ಆಯಿತು. ಓದಿದ್ದು ಇಂಥ ಹೊತ್ತಿನಲ್ಲಿ ಎಷ್ಟು ಬೇಗ ಸಹಾಯಕ್ಕೆ ಬರುತ್ತದೆ ಎಂದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಆದರೂ ಸಮಾಧಾನವೂ ಆಯಿತು. ಆಗಲೇ ಪವಿತ್ರ ಇನ್ನೊಂದು ಮಾತು ಹೇಳಿದಳು. ಮಗು ಬಡಕಲಾಗಿ ಹುಟ್ಟಿದೆ, ಈವತ್ತಿನಿಂದ ದಿನಾ ಒಂದು ಉದ್ಧರಣೆ ಈ ತೀರ್ಥವನ್ನೇ ಹಾಕಬೇಕು ಅಂದುಕೊಂಡಿದ್ದೀವಿ ಭಾವ, ಬಾಟಲಿ ಇನ್ನು ಮೇಲೆ ಎರಡೆರಡು ಕಳಿಸಬೇಕಾಗುತ್ತೆ, ಎಂದು ಅವನ ಕಡೆ ನೋಡಿ ನಕ್ಕಳು.

ಜಗಲಿಯಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪವಿತ್ರಳ ಮಡಿಲಲ್ಲಿ ಮಲಗಿಸಿದ್ದರು. ಅದರ ಬಾಯಿ ಅಳುವುದಕ್ಕೆ ಆಗಲೇ ತೆರೆದಿತ್ತು, ಒಳಗೆ ಗುಲಾಬಿ ಬಣ್ಣದ ನಾಲಿಗೆ ನಡುಗುತ್ತಿತ್ತು. ದೊಡ್ಡವ್ವ ಬಾಗಿ, ನೀಲಿ ಉಗುರಿನ ಬೆರಳನ್ನು ಬಟ್ಟಲಿಗೆ ಅದ್ದಿದಳು. ನಿಲ್ಲಿಸಿ, ಅದು ವಿಷ, ಎಂದು ಕೂಗಬೇಕು ಎಂದು ಬಸವಕುಮಾರ್ ಬಾಯಿ ತೆರೆದ. ಅವಳ ಸುತ್ತ ಕೈಮುಗಿದು ನಿಂತವರನ್ನು ನೋಡಿದ. ಕೂಗಿದರೆ ಈ ಜನ ಒಂದು ಗಳಿಗೆ ಸುಮ್ಮನಿರುತ್ತಾರೆ, ಆಮೇಲೆ ನಗುತ್ತಾರೆ. ಅವಳನ್ನು ನೋಡಿ ನಗುತ್ತಾರೆ. 'ದೊಡ್ಡವ್ವ, ನಂಗೆ ಮೊದ್ಲು ಕೊಡು,' ಎಂದ. ಡಿಗ್ರಿಗೆ ಸೇರಿದಾಗ ಲಿಂಗ ಬಿಚ್ಚಿಟ್ಟು, ದೇವರ ಕೋಣೆಯ ಹೊಸ್ತಿಲನ್ನೂ ತುಳಿಯದೆ ಚಿಕ್ಕಪ್ಪನ ಬಾಯಲ್ಲಿ ನಾಸ್ತಿಕ ಅನಿಸಿಕೊಂಡಿದ್ದವನು ಎರಡು ಕೈಯೊಡ್ಡಿ ಮಂಡಿಯೂರಿದ. ಅವಳು ಹನಿ ಹಾಕಲು ಹೋದಾಗ ಬಟ್ಟಲನ್ನೇ ತೆಗೆದುಕೊಂಡು ಕೊನೆಯವರೆಗೂ ಕುಡಿದ. ಗೂಡು ಬೇಯಿಸಿದ ನೀರಿನ ವಾಸನೆ ಗಂಟಲಿನಲ್ಲಿ ಹಾದು ಹೋಯಿತು. ಯಾರೋ ಹೆಂಗಸು ಬಿಕ್ಕಿದಳು. ಚಿಕ್ಕಪ್ಪನ ಕಣ್ಣು ಒದ್ದೆಯಾಗಿತ್ತು. ಗುರುಪಾದಸ್ವಾಮಿಗಳು ಅವನ ತಲೆಯ ಮೇಲೆ ಕೈಯಿಟ್ಟು, ಚನ್ನಮಲ್ಲಮ್ಮನವರ ಮಹಿಮೆಗೆ ಇನ್ನೇನು ಸಾಕ್ಷಿ ಬೇಕು, ಎಂದರು. ಅವನಿಗೆ ಅಲ್ಲೇ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮಗುವಿಗೆ ಬೇರೆ ತೀರ್ಥ ತರುವುದಕ್ಕೆಂದು ದೊಡ್ಡವ್ವ ಖಾಲಿ ಬಟ್ಟಲು ಹಿಡಿದು ಒಳಗೆ ಹೋದಳು, ಅವನು ಹಿಂದೆಯೇ ಹೋಗಿ ದೇವರ ಕೋಣೆಯ ಬಾಗಿಲು ಮುಂದಕ್ಕೆ ಹಾಕಿದ.

ಬಾಟಲಿಗೆ ಚಾಚಿದ ಅವಳ ಕೈಯನ್ನು ಹಿಡಿದುಕೊಂಡ. ಹೇಳುವುದಕ್ಕೆ ಶುರುಮಾಡಿದ ಮೇಲೆ ಎಲ್ಲವೂ ಒಂದೇ ಉಸಿರಿಗೆ ಬಂತು. ಈ ಬಣ್ಣ ಶಿವ ಕೊಟ್ಟದ್ದಲ್ಲ, ತಾನು ಕೊಟ್ಟದ್ದು. ಲೇಪ ಗಟ್ಟಿ ಎಂದು ನಂಬಿದ್ದು ತಪ್ಪು, ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂದು ತಾನು ನೋಡಲೇ ಇಲ್ಲ. ಬೆಳ್ಳಿ ಅವಳ ಚರ್ಮದೊಳಗೆ ಕೂತಿದೆ, ಇನ್ನೂ ಎಲ್ಲೆಲ್ಲಿ ಕೂತಿದೆಯೋ ಗೊತ್ತಿಲ್ಲ, ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇವತ್ತಿನಿಂದ ಒಂದು ಹನಿಯೂ ಕುಡಿಯಬಾರದು, ಮಗುವಿಗೆ ಖಂಡಿತ ಕೊಡಬಾರದು. ಬಿಸಿಲಿಗೂ ಹೋಗಬಾರದು, ಬಿಸಿಲು ಬಿದ್ದಷ್ಟೂ ಬಣ್ಣ ಗಾಢವಾಗುತ್ತದೆ. ಅವನು ಅಳುತ್ತಿದ್ದ. ಅಳಬೇಕು ಎಂದು ಅತ್ತದ್ದಲ್ಲ. ದೊಡ್ಡವ್ವ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಬಾಟಲಿಯನ್ನು ನೋಡಿದಳು, ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡಳು. ಮಗು ಹೊರಗೆ ಜೋರಾಗಿ ಅಳತೊಡಗಿತು. ಪರಮೇಶ ಒಂದು ಸಲ ಕರೆದ. ಅವಳು ಬಟ್ಟಲನ್ನು ತೊಳೆದಳು, ಒಂದು ಸಲ ಸಾಲದೆಂಬಂತೆ ಇನ್ನೊಂದು ಸಲ ತೊಳೆದಳು, ಕೊಡದಿಂದ ಬರೀ ನೀರನ್ನು ತೆಗೆದು ಲಿಂಗದ ಮೇಲೆ ಬಿಟ್ಟು ಬಟ್ಟಲಿಗೆ ಹಿಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಹಗುರಾಗುತ್ತಿತ್ತು.

'ಬುಟ್ಬುಟ್ರೆ,' ಎಂದಳು ಕೊನೆಗೆ, ಅವನ ಕಡೆ ತಿರುಗದೆ, 'ಈ ಬಣ್ಣ ಓಗ್ಬುಟ್ಟದಾ?'

ಹೋಗುತ್ತದೆ ಎಂದು ಹೇಳಿಬಿಡಲೇ ಅನ್ನಿಸಿತು. ಹೆದರಿದ್ದಾಳೆ, ಪಾಪ, ಮುದುಕಿ. ಒಂದು ಸುಳ್ಳಿಗೆ ಏನಾಗುತ್ತದೆ. ಆದರೆ ಸುಳ್ಳು ಇಷ್ಟು ದೂರ ತಂದು ನಿಲ್ಲಿಸಿದೆ. 'ಇಲ್ಲ ದೊಡ್ಡವ್ವ,' ಎಂದ. 'ಬಿಟ್ರೂ ಹೋಗಲ್ಲ. ಯಾವ ಡಾಕ್ಟ್ರ ಕೈಲೂ ತೆಗೆಯೋಕಾಗಲ್ಲ. ಇರೋವರ್ಗೂ ಹಿಂಗೇ ಇರುತ್ತೆ.'

ದೊಡ್ಡವ್ವನ ಭುಜ ಇಳಿಯಿತು. ಅಳುವಿಗೆ ಮುಂಚಿನ ಉಸಿರು ಅದು ಎಂದುಕೊಂಡು ಅವನು ಅವಳನ್ನು ಹಿಡಿದುಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದ. ಅವಳು ತಿರುಗಿದಳು. ಆ ಸ್ಲೇಟು ಬಣ್ಣದ ಮುಖದಲ್ಲಿ ಇದ್ದದ್ದು ನೆಮ್ಮದಿ. ಆಸ್ಪತ್ರೆಯಲ್ಲಿ ಏನೂ ಇಲ್ಲ, ಮನೆಗೆ ಹೋಗಿ ಎಂದು ಹೇಳಿಸಿಕೊಂಡವರ ಮುಖದ ನೆಮ್ಮದಿ. ಅವನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅವಳ ಕಡೆ ನೋಡಲಾಗಲಿಲ್ಲ.

'ಅಂಗಾರೆ ಬುಡ್ತೀನಿ ಬುಡು. ಇನ್ಮ್ಯಾಲೆ ಕಳುಸ್ಬ್ಯಾಡ,' ಎಂದಳು. ಸೆರಗಿನ ತುದಿಯಿಂದ ಅವನ ಕಣ್ಣು ಒರೆಸಿದಳು. ಬಾಗಿಲಿನ ಹತ್ತಿರ ಹೋಗಿ ನಿಂತು, ದನಿ ತಗ್ಗಿಸಿ, 'ಇದ್ನ ಯಾರ್ಗೂ ಯೋಳ್ಬ್ಯಾಡ ಕಣಪ್ಪ. ಯೋಳಿಯಾ?' ಎಂದು ಕೇಳಿದಳು. ಬಾಟಲಿಗಳ ವಿನಾ ಅವಳು ಅವನ ಹತ್ತಿರ ಈವರೆಗೆ ಏನನ್ನೂ ಕೇಳಿರಲಿಲ್ಲ. ಅವನು ಹೇಳುವುದಿಲ್ಲ ಎಂದು ತಲೆಯಾಡಿಸಿದ.

ಅವಳು ಬಾಗಿಲು ತೆಗೆದು ಹೊರಗೆ ಹೋದಳು. ಹೆಂಗಸರ ಮಾತು ನಿಂತಿತು, ಮಗುವಿನ ಅಳು ನಿಂತಿತು, ಚಪ್ಪರಿಸುವ ಸದ್ದಿಗೆ ಎಲ್ಲರೂ ನಕ್ಕರು. ಬಸವಕುಮಾರ್ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಒಳಗೇ ನಿಂತಿದ್ದ. ಆಮೇಲೆ ಜಗಲಿಯಿಂದ ದೊಡ್ಡವ್ವನ ದನಿ ಕೇಳಿಸಿತು, ಎಲ್ಲರಿಗೂ ಕೇಳುವಂತೆ, ಅಧಿಕಾರದಿಂದ: 'ಪರಮೇಶ, ನನ್ ಕುರ್ಚಿಯ ವಸಿ ಅತ್ತಗೆ ಬಿಸ್ಲಿಗೆ ಮಡಗ್ಲಾ.'